ಎರಡು ಬೇರು ಉಳಿಸಿಕೊಂಡ ಬಾಯಿ

ಕುರ್ಚಿ ಹಿಂದಕ್ಕೆ ವಾಲುತ್ತ ಹೋಗುತ್ತದೆ. ಕಾಲು ತಲೆಗಿಂತ ಮೇಲೆ ಹೋದಂತಾಗಿ ಎರಡೂ ಕೈ ತಾವಾಗಿಯೇ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಮುಖದ ಮೇಲೆ ದೀಪ ಬೀಳುತ್ತದೆ. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆಲ್ಲ ಕೆಂಪು. ಎಲ್ಲಿಂದಲೋ ಲವಂಗದೆಣ್ಣೆಯ ಘಾಟು, ಅದರ ಬೆನ್ನಿಗೇ ಸ್ಪಿರಿಟ್ಟಿನ ವಾಸನೆ. ಪಕ್ಕದ ಕುರ್ಚಿಯಲ್ಲಿ ಯಾರದೋ ಹಲ್ಲಿನ ಮೇಲೆ ಮಷಿನ್ನು ಚುಂಯ್ ಎನ್ನುತ್ತದೆ. ನಿಮ್ಮ ಬಾಯಿಗೆ ಅದಿನ್ನೂ ಬಂದಿಲ್ಲ, ಹೊಟ್ಟೆಯಲ್ಲಿ ಮಾತ್ರ ಆಗಲೇ ತಿರುಗುತ್ತಿದೆ.

"ಬಾಯಿ ಅಗಲ ಮಾಡ್ರಿ ಯವ್ವಾ. ಇನ್ನ ಸ್ವಲ್ಪ."

ತಣ್ಣನೆಯ ಪುಟ್ಟ ಕನ್ನಡಿ ಕೆನ್ನೆಯನ್ನು ಒಳಗಿನಿಂದ ಸರಿಸುತ್ತದೆ. ಡಾಕ್ಟರರು ಒಂದೊಂದೇ ಹಲ್ಲನ್ನು ಮುಟ್ಟಿ ಅಲುಗಿಸಿ ನೋಡುತ್ತಾರೆ, ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ಬರೆದುಕೊಳ್ಳುತ್ತಾಳೆ. ಮೇಲೆ ಮೂರು ಉಳಿದಿವೆ, ಮೂರೂ ಓಲಾಡುತ್ತವೆ. ಕೆಳಗೆ ಮುಂದಿನವು ಆರು, ಅವುಗಳಲ್ಲಿ ನಡುವಿನ ನಾಲ್ಕು ಸಡಿಲ. ಎರಡೂ ಪಕ್ಕದ ಕೋರೆಹಲ್ಲಿಗೆ ಬಂದಾಗ ಅವರ ಕೈ ನಿಲ್ಲುತ್ತದೆ. ಕನ್ನಡಿಯ ಹಿಡಿಕೆಯಿಂದ ತಟ್ಟುತ್ತಾರೆ. ಟಕ್. ಇನ್ನೊಮ್ಮೆ, ಟಕ್. ಆ ಸದ್ದು ದವಡೆಯ ಎಲುಬಿನಲ್ಲೇ ಹಾದು ಕಿವಿಗೆ ಏರುತ್ತದೆ.

"ಇವೆರಡು ಗಟ್ಟಿ ಅದಾವ," ಎನ್ನುತ್ತಾರೆ ಡಾಕ್ಟರರು.

ಈ ಹೊತ್ತು ನೀವು ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು. ವಯಸ್ಸು ಅರವತ್ತು ದಾಟಿದೆ. ತವರು ಹುನಗುಂದದ ಬದಿಯ ಹಳ್ಳಿ. ಮದುವೆಯಾಗಿ ಬಂದಂದಿನಿಂದ ಕಂಡಿಕೆ ಸುತ್ತಿದ್ದೀರಿ, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ್ದೀರಿ, ಉಳಿದ ತುದಿಯನ್ನು ಹಲ್ಲಿನಿಂದಲೇ ಕಚ್ಚಿ ಹರಿದಿದ್ದೀರಿ. ಹುನಗುಂದ, ಇಳಕಲ್ ಸೀಮೆಯ ಕಲ್ಲಿನ ನಡುವಿನಿಂದ ಬರುವ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟುವಷ್ಟು. ಕೂಸಾಗಿದ್ದಾಗ ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುವ ಹೊತ್ತಿಗೇ ತವರಿನ ನೀರು ಅದರ ಮೇಲೆ ಕಂದು ಪಟ್ಟೆ ಎಳೆದುಬಿಟ್ಟಿತು. ನಗು ಬಂದಾಗ ಸೆರಗಿನ ಅಂಚು ಬಾಯಿಗೆ ಏರುವುದು ಅಂದಿನಿಂದ ಬಂದ ರೂಢಿ.

ಹಲ್ಲು ಬಿದ್ದದ್ದಕ್ಕೆ ಕಾರಣ ಆ ಬಣ್ಣವಲ್ಲ. ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲುಜ್ಜಿದ ವರ್ಷಗಳಿವೆ, ಸಕ್ಕರೆ ಬ್ಯಾನಿ ಇದೆ, ನೋವೇ ಇಲ್ಲದೆ ರಕ್ತ ಜಿನುಗುತ್ತಿದ್ದ ಒಸಡಿದೆ. ಹಲ್ಲನ್ನು ಹಿಡಿದಿದ್ದ ಎಲುಬು ಒಳಗೊಳಗೇ ಕರಗಿತು, ಹಲ್ಲು ಒಂದೊಂದಾಗಿ ಕೈಗೆ ಬಂತು. ವಯಸ್ಸಾದ ಮೇಲೆ ಹಲ್ಲು ಹೋಗುವುದು ಸಹಜ ಎಂದು ಎಲ್ಲರೂ ಅಂದರು, ನೀವೂ ಅಂದಿರಿ. ಇವತ್ತು ಬೆಳಗ್ಗೆ ಬಾಗಲಕೋಟೆಯ ಬಸ್ಸು ಅಮೀನಗಡದಲ್ಲಿ ನಿಂತಾಗ ಪಕ್ಕದ ಸೀಟಿನಾತ ಕರದಂಟಿನ ಪೊಟ್ಟಣ ಬಿಚ್ಚಿದ. ಬೆಲ್ಲ, ಕೊಬ್ಬರಿ, ಕರಿದ ಅಂಟಿನ ಘಮ ಮೂಗಿಗೆ ಬಡಿಯಿತು. ಒಂದು ತುಂಡು ನಿಮ್ಮ ಕಡೆಗೂ ಚಾಚಿದ. "ಸಕ್ಕರಿ ಐತ್ರಿ ನನಗ," ಎಂದಿರಿ. ಹಲ್ಲಿಲ್ಲ ಎಂಬ ಮಾತು ಬಾಯಿಂದ ಬರಲಿಲ್ಲ.

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾಯುತ್ತೀರಿ. ಪಕ್ಕದಲ್ಲಿ ಮಗನ ವಯಸ್ಸಿನ ಗಂಡಸೊಬ್ಬ ಕೂತಿದ್ದಾನೆ. ಬಾಯಿ ಎಷ್ಟು ತೆರೆಯುತ್ತದೆಂದು ವಿದ್ಯಾರ್ಥಿಯೊಬ್ಬ ಬೆರಳಿಟ್ಟು ಅಳೆಯುತ್ತಾನೆ. ಒಂದು ಬೆರಳು ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ. ಗುಟ್ಕಾದ ಅಡಿಕೆ ಕೆನ್ನೆಯ ಒಳಚರ್ಮವನ್ನು ನಾರುಗಟ್ಟಿಸಿ ಬಿಗಿದುಬಿಟ್ಟಿದೆ. ಇವನಿಗೆ ಹಲ್ಲು ಕಟ್ಟಬೇಕೆಂದರೂ ಅಳತೆಯ ತಟ್ಟೆ ಒಳಗೆ ಹೋಗುವ ದಾರಿಯೇ ಇಲ್ಲ. ಆಚೆ ಕೂತ ಹಿರಿಯರಿಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅಂಗುಳಿನ ಒಂದು ಪಾಲು ಹೋಗಿದೆ. ಕುಡಿದ ನೀರು ಮೂಗಿನಿಂದ ಇಳಿಯುತ್ತಿತ್ತಂತೆ. ಅವರು ಬಾಯಿಂದ ಒಂದು ತಟ್ಟೆ ತೆಗೆದು ಕರವಸ್ತ್ರದಲ್ಲಿ ಒರೆಸುತ್ತಾರೆ. ಅದರ ಒಂದು ಕಡೆ ಹಲ್ಲು, ಇನ್ನೊಂದು ಕಡೆ ಅಂಗುಳಿನ ತೂತಿಗೆ ಸರಿಯಾಗಿ ಕೂರುವ ಉಬ್ಬು. ಅದನ್ನು ಒಳಗಿಟ್ಟು ಒತ್ತುತ್ತಾರೆ. ಗೊಣಗೊಣ ಎನ್ನುತ್ತಿದ್ದ ದನಿ ಮರುಕ್ಷಣವೇ ಮಾತಾಗುತ್ತದೆ. "ಎಲ್ಲಿಂದ ಬಂದೀರಿ ತಂಗಿ?" ಎಂದು ನಿಮ್ಮನ್ನೇ ಕೇಳುತ್ತಾರೆ. ಹಲ್ಲು ಕಟ್ಟುವವರ ಕೆಲಸ ಬರೀ ಅಗಿಯುವುದಕ್ಕಷ್ಟೇ ಅಲ್ಲ ಎಂಬುದು ಈ ಬೆಂಚಿನ ಮೇಲೆ ಮೊದಲ ಸಲ ನಿಮಗೆ ತಿಳಿಯುತ್ತದೆ.

ಒಳಗೆ ಗದ್ದವನ್ನು ಒಂದು ಕಟ್ಟೆಯ ಮೇಲಿಟ್ಟು ನಿಲ್ಲಿಸುತ್ತಾರೆ. ಮಷಿನ್ನು ತಲೆಯ ಸುತ್ತ ನಿಧಾನವಾಗಿ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ನಿಮ್ಮದೇ ದವಡೆ ಪರದೆಯ ಮೇಲೆ ಬೂದು ಬಣ್ಣದಲ್ಲಿ ಮೂಡುತ್ತದೆ. ಹಿಂದಿನ ದವಡೆಹಲ್ಲು ಇದ್ದ ಕಡೆ ಎಲುಬಿನ ದಿಣ್ಣೆ ತಗ್ಗಿ ಹಳ್ಳ ಬಿದ್ದಿದೆ. ಕೋರೆಹಲ್ಲಿನ ಸುತ್ತ ಮಾತ್ರ ಎತ್ತರವಾಗಿ ನಿಂತಿದೆ.

"ಇಲ್ಲಿ ನೋಡ್ರಿ," ಡಾಕ್ಟರರು ಪೆನ್ನಿನಿಂದ ತೋರಿಸುತ್ತಾರೆ. "ಬೇರು ಇದ್ದಲ್ಲಿ ಎಲುಬು ಐತಿ. ಬೇರು ಹೋದಲ್ಲಿ ಎಲುಬೂ ಹೋಗೇತಿ."

ಇದಕ್ಕಿಂತ ದೊಡ್ಡ ಮಾತನ್ನು ಇವತ್ತು ಯಾರೂ ನಿಮಗೆ ಹೇಳುವುದಿಲ್ಲ. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಎಲುಬು ಹೆಚ್ಚು ಕರಗುತ್ತದೆ, ಆಮೇಲೂ ನಿಲ್ಲುವುದಿಲ್ಲ, ಮೇಲಿನ ದವಡೆಗಿಂತ ಕೆಳದವಡೆ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಬಾದಾಮಿಯಲ್ಲಿರುವ ಅಕ್ಕ ಕಣ್ಣ ಮುಂದೆ ಬರುತ್ತಾಳೆ. ಅವಳ ಗದ್ದ ಮೂಗಿನ ಹತ್ತಿರ ಬಂದಿದೆ, ಹಲ್ಲಿನ ಸೆಟ್ಟು ಮಾಡಿನಲ್ಲಿ ಸ್ಟೀಲಿನ ಡಬ್ಬಿಯೊಳಗೆ ಕೂತಿದೆ. ಎಲ್ಲೋ ಒಂದೇ ದಿನದಲ್ಲಿ ಅಳತೆ ತೆಗೆದು ಕೊಟ್ಟದ್ದು ಅದು. ಕೆಳಗಿನದು ಮಾತಾಡಿದರೆ ಮೇಲೇಳುತ್ತದೆ, ಉಂಡರೆ ಕೊರೆಯುತ್ತದೆ. ನಿಮ್ಮ ಬಾಯಿಗೂ ಅದೇ ಗತಿಯೇ?

ಡಾಕ್ಟರರು ಮೇಜಿನ ಮೇಲೆ ಮಾದರಿಗಳನ್ನು ಒಂದೊಂದಾಗಿ ಇಡುತ್ತಾರೆ. ಕೈಗೆತ್ತಿಕೊಂಡು ನೋಡುತ್ತೀರಿ.

ಮೊದಲನೆಯದು ಕ್ಯಾಪು. ಹಲ್ಲು ಹುಳುಕಾಗಿ, ಒಡೆದು, ಬೇರು ಮಾತ್ರ ಗಟ್ಟಿ ಇದ್ದಾಗ ಅದರ ಸುತ್ತ ಅರೆದು ಮೇಲೆ ಕೂರಿಸುವ ಕವಚ. ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿಯದು, ಪೂರಾ ಬಿಳಿಯ ಜಿರ್ಕೋನಿಯಾದ್ದು, ಹೀಗೆ ಮೂರು ಬಗೆ ನಿಮ್ಮ ಅಂಗೈಯಲ್ಲಿವೆ. ಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದರೆ ಕೆಲವು ಹಲ್ಲಿಗಾದರೂ ಇಷ್ಟೇ ಸಾಕಾಗುತ್ತಿತ್ತೇನೋ ಎಂದು ಮನಸ್ಸು ಕುಟುಕುತ್ತದೆ.

ಎರಡನೆಯದು ಬ್ರಿಜ್ಜು. ಬಿದ್ದ ಹಲ್ಲಿನ ಎರಡೂ ಕಡೆಯ ಹಲ್ಲನ್ನು ಅರೆದು, ಅವೆರಡರ ಮೇಲೆ ಮೂರು ಹಲ್ಲಿನ ಒಂದೇ ತುಂಡನ್ನು ಅಂಟಿಸುತ್ತಾರೆ. ತೆಗೆದು ಹಾಕುವ ರಗಳೆ ಇಲ್ಲ. ಆದರೆ ಚೆನ್ನಾಗಿರುವ ಹಲ್ಲಿನ ಮೇಲ್ಪದರವನ್ನು ಸುತ್ತಲೂ ಒಂದು, ಒಂದೂವರೆ ಮಿಲಿಮೀಟರು ಅರೆಯಲೇಬೇಕು, ಅರೆದದ್ದು ಮರಳಿ ಬರುವುದಿಲ್ಲ. ಬಿದ್ದ ಹಲ್ಲಿನ ಭಾರವನ್ನೂ ಆ ಎರಡು ಬೇರುಗಳೇ ಹೊರಬೇಕು. ನಿಮ್ಮ ಬಾಯಿಯ ಹಿಂಭಾಗದಲ್ಲಿ ಹೊರಲು ಯಾರೂ ಉಳಿದಿಲ್ಲ. ಮಾದರಿಯನ್ನು ಸುಮ್ಮನೆ ಕೆಳಗಿಡುತ್ತೀರಿ.

ಮೂರನೆಯದು ತೆಗೆದು ಹಾಕುವ ಅರ್ಧ ಸೆಟ್ಟು. ಗುಲಾಬಿ ಪ್ಲಾಸ್ಟಿಕ್ಕಿನ ತಟ್ಟೆ, ಉಳಿದ ಹಲ್ಲನ್ನು ತಬ್ಬುವ ತಂತಿಕೊಕ್ಕೆ. ಇನ್ನೊಂದು ಅದೇ ಕೆಲಸದ್ದು, ಕೋಬಾಲ್ಟ್ ಕ್ರೋಮಿಯಂ ಲೋಹದಲ್ಲಿ ಎರಕ ಹೊಯ್ದದ್ದು, ತೆಳ್ಳಗೆ, ನಾಲಿಗೆಗೆ ಕಡಿಮೆ ತೊಡಕು. ಇದು ನಿಮಗೆ ಆಗಬಹುದೆಂದು ಮುಖ ಎತ್ತುತ್ತೀರಿ. ಡಾಕ್ಟರರು ತಲೆ ಅಲ್ಲಾಡಿಸುತ್ತಾರೆ. ಮೇಲೆ ಪೂರ್ತಿ ಸೆಟ್ಟು, ಕೆಳಗೆ ಮುಂದಿನ ಹಲ್ಲು ಮಾತ್ರ ಸ್ವಂತದ್ದು ಎಂದಾದರೆ, ಆ ಕೆಳಹಲ್ಲುಗಳು ಮೇಲಿನ ಸೆಟ್ಟಿನ ಮುಂಭಾಗವನ್ನೇ ಗುದ್ದುತ್ತವೆ. ವರ್ಷಗಳು ಹೋದಂತೆ ಅಲ್ಲಿನ ಎಲುಬು ಕರಗಿ ಬರೀ ಮೆತ್ತನೆಯ ಮಾಂಸ ಉಳಿಯುತ್ತದೆ. ಮೇಲಾಗಿ ನಡುವಿನ ನಾಲ್ಕು ಹೇಗೂ ಸಡಿಲ.

ನಾಲ್ಕನೆಯದನ್ನು ಎಲ್ಲರೂ ಸ್ಕ್ರೂ ಹಲ್ಲು ಎನ್ನುತ್ತಾರೆ. ಬೆರಳ ತುದಿಯಷ್ಟೂ ಇಲ್ಲದ ಟೈಟಾನಿಯಂ ತಿರುಪು, ಇಂಪ್ಲಾಂಟು. ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿನಲ್ಲಿಟ್ಟ ಟೈಟಾನಿಯಂ ತುಣುಕನ್ನು ತೆಗೆಯಲು ಹೋದಾಗ ಅದು ಎಲುಬಿಗೇ ಕೂಡಿಕೊಂಡು ಬರಲೊಲ್ಲದಾಯಿತು. 1965ರಲ್ಲಿ ಅದನ್ನು ಮನುಷ್ಯನ ದವಡೆಗೆ ತಂದರು. ಇವತ್ತಿಗೆ ಎಲ್ಲಕ್ಕಿಂತ ಗಟ್ಟಿಯಾದ ದಾರಿ ಇದೇ. ಎಲುಬಿನಲ್ಲಿ ತೂತು ಕೊರೆಯುವಾಗ ನೀರು ಬಿಡುತ್ತಲೇ ಇರಬೇಕು, ಬಿಸಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ನಿಮಿಷ ನಿಂತರೂ ಎಲುಬಿಗೆ ಪೆಟ್ಟು. ಆಮೇಲೆ ಎಲುಬು ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ಸಕ್ಕರೆ ಹತೋಟಿಯಲ್ಲಿದ್ದರೆ ಅಡ್ಡಿಯಿಲ್ಲ, ಏರಿಳಿಯುತ್ತಿದ್ದರೆ ಗಾಯ ಮಾಯುವುದು ಕಷ್ಟ, ತಂಬಾಕು ಬಿಡದಿದ್ದರೆ ಇನ್ನೂ ಕಷ್ಟ. ಖರ್ಚು ಎಷ್ಟೆಂದು ಕೇಳುತ್ತೀರಿ. ಉತ್ತರ ಕೇಳಿದ ಮೇಲೆ ಇಡೀ ವರ್ಷದ ಮಗ್ಗದ ಲೆಕ್ಕ ತಲೆಯಲ್ಲಿ ಓಡುತ್ತದೆ. ತಿರುಪನ್ನು ಮೇಜಿನ ಮೇಲಿಟ್ಟಾಗ ಕಿಣ್ ಎನ್ನುತ್ತದೆ.

ಕೊನೆಗೆ ಉಳಿದದ್ದು ಪೂರ್ತಿ ಸೆಟ್ಟು. ಬಿಪಿಎಲ್ ಕುಟುಂಬದ ಹಿರಿಯರಿಗೆ ಇದು ಉಚಿತವಾಗಿ ಸಿಗಲೆಂದೇ ರಾಜ್ಯ ಸರ್ಕಾರ 2014ರಲ್ಲಿ ದಂತಭಾಗ್ಯ ಯೋಜನೆ ತಂದಿತು, ಮೊದಲು 60 ದಾಟಿದವರಿಗೆಂದಿದ್ದ ವಯಸ್ಸನ್ನು ಆಮೇಲೆ 45ಕ್ಕೆ ಇಳಿಸಿತು. ಇಂಥ ಕೆಲಸ ಹೆಚ್ಚಾಗಿ ನಡೆಯುವುದು ದಂತ ಕಾಲೇಜುಗಳಲ್ಲಿ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು ಬಾಗಲಕೋಟೆಯಲ್ಲೇ ಇರುವುದು ಈ ಜಿಲ್ಲೆಯ ಪುಣ್ಯ, ಹಲ್ಲಿಗೆಂದು ಬೆಂಗಳೂರಿನ ರೈಲು ಹತ್ತಬೇಕಿಲ್ಲ.

"ಹಂಗಾರ ಎಲ್ಲಾ ಕಿತ್ತು ಸೆಟ್ ಹಾಕ್ಬಿಡ್ರಿ ಸರ. ಒಮ್ಮೆ ಮುಗಿದು ಹೋಗ್ಲಿ," ಎಂದುಬಿಡುತ್ತೀರಿ. ಬಂದವರಲ್ಲಿ ಎಷ್ಟೋ ಮಂದಿ ಇದನ್ನೇ ಹೇಳುತ್ತಾರೆ.

"ಎಲ್ಲಾ ಯಾಕ ಕೀಳೂದ್ರಿ ಯವ್ವಾ? ಮ್ಯಾಲಿನ ಮೂರು, ಕೆಳಗಿನ ನಾಕು ತಗಿಯೂಣು. ಈ ಎರಡು ಕೋರೆಹಲ್ಲಿನ ಬೇರು ಇರ್ಲಿ. ಬೇರು ಒಳಗ, ಸೆಟ್ ಮ್ಯಾಲೆ."

ಅವರು ಹೇಳುತ್ತ ಹೋಗುತ್ತಾರೆ. ಕೋರೆಹಲ್ಲಿನ ಬೇರಿಗೆ ರೂಟ್ ಕೆನಾಲ್ ಮಾಡಿ, ಮೇಲಿನ ಭಾಗವನ್ನು ಒಸಡಿನ ಮಟ್ಟಕ್ಕೆ ಕತ್ತರಿಸಿ, ಗುಂಡಗೆ ಮಾಡಿ, ಅದರ ಮೇಲೆ ಸೆಟ್ಟು ಕೂರಿಸುವುದು. 1978ರಲ್ಲಿ ಕ್ರಮ್ ಮತ್ತು ರೂನಿ ಎಂಬ ಇಬ್ಬರು ಐದು ವರ್ಷದ ಅಳತೆಗಳನ್ನು ಪ್ರಕಟಿಸಿದ್ದರು. ಎಲ್ಲ ಹಲ್ಲು ಕಿತ್ತವರ ಕೆಳದವಡೆಯ ಮುಂಭಾಗ ಸರಾಸರಿ 5.2 ಮಿಲಿಮೀಟರು ತಗ್ಗಿತ್ತು, ಬೇರು ಉಳಿಸಿಕೊಂಡವರದು 0.6 ಮಿಲಿಮೀಟರು ಮಾತ್ರ. ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟಿನ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದರು. ಅಲ್ಲಿ ಹಣ ಕೊಟ್ಟು ಹಾಕಿಸುವ ಎರಡು ಕಂಬ ನಿಮ್ಮ ದವಡೆಯಲ್ಲಿ ಬಾಲ್ಯದಿಂದಲೇ ನಿಂತಿವೆ.

ಆದರೂ ಗಟ್ಟಿ ಹಲ್ಲನ್ನೇ ಕತ್ತರಿಸುವುದೆಂದರೆ ಎದೆ ಒಪ್ಪುವುದಿಲ್ಲ. ನಾಲಿಗೆ ತಾನಾಗಿ ಹೋಗಿ ಎಡಗಡೆಯ ಕೋರೆಹಲ್ಲನ್ನು ಸವರುತ್ತದೆ. ಉದ್ದ ಇದ್ದರೆ ಸೆಟ್ಟಿನ ಭಾರಕ್ಕೆ ಮೀಟಿದಂತಾಗಿ ಬೇರೂ ಅಲುಗಾಡುತ್ತದೆ, ಗಿಡ್ಡ ಮಾಡಿದರೆ ಬಹುಕಾಲ ಬಾಳುತ್ತದೆ ಎನ್ನುತ್ತಾರೆ. ಕಿಟಕಿಯಾಚೆ ನೋಡುತ್ತೀರಿ. ಅಕ್ಕನ ಗದ್ದ ನೆನಪಾಗುತ್ತದೆ.

"ಆಗ್ಲಿ," ಎನ್ನುತ್ತೀರಿ.

ಹಲ್ಲು ಕೀಳುವ ದಿನ. ಸಕ್ಕರೆ ನೋಡಿದ್ದಾರೆ, ಬಿಪಿ ನೋಡಿದ್ದಾರೆ, ಉಂಡು ಬಂದಿದ್ದೀರಾ ಎಂದು ಕೇಳಿದ್ದಾರೆ. ಸೂಜಿ ಕಣ್ಣಿಗೆ ಬೀಳದಂತೆ ಕೆಳಗಿನಿಂದ ತರುತ್ತಾರೆ, ನೀವು ನೋಡಿಯೇಬಿಡುತ್ತೀರಿ. ಒಸಡಿನ ಹೊರಗಡೆ ಸಣ್ಣ ಚುಚ್ಚು. ತಡೆಯಬಹುದು. ಆಮೇಲೆ ಅಂಗುಳು. ಕಣ್ಣಲ್ಲಿ ನೀರು ಚಿಮ್ಮುತ್ತದೆ. ಕಾಲಬೆರಳು ಮಡಚುತ್ತವೆ. ಕಹಿ ಮದ್ದು ಗಂಟಲಿಗೆ ಇಳಿಯುತ್ತದೆ. ಮೇಲ್ತುಟಿ ಊದಿದಂತೆ, ನಿಮ್ಮದಲ್ಲದಂತೆ. "ನೋವಾದ್ರ ಎಡಗೈ ಎತ್ರಿ." ಇಕ್ಕಳ ಬಾಯೊಳಗೆ ಬರುತ್ತದೆ. ನೋವಿಲ್ಲ, ಒತ್ತಡವಿದೆ. ತಲೆಯನ್ನೇ ಯಾರೋ ಎಳೆಯುತ್ತಿದ್ದಾರೆ. ಒಳಗೆಲ್ಲೋ ಕಿರ್ ಎನ್ನುತ್ತದೆ. ಕೈ ಎತ್ತಲೇ? ಬೇಡವೇ? ಎತ್ತುವಷ್ಟರಲ್ಲಿ ಟ್ರೇಯಲ್ಲಿ ಟಣ್ ಎಂಬ ಸದ್ದು. ಒಂದು. ಟಣ್. ಎರಡು.

ಮೂರನೆಯದೂ ಬಂದ ಮೇಲೆ ಮಡಚಿದ ಹತ್ತಿಬಟ್ಟೆಯನ್ನು ಇಟ್ಟು ಕಚ್ಚಿಸುತ್ತಾರೆ. ರಕ್ತದ ಕಬ್ಬಿಣದ ರುಚಿ. ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಗುಳಿಯಲ್ಲಿ ಕಟ್ಟಿದ ಹೆಪ್ಪು ಕಿತ್ತು ಬರಬಾರದು. ಇನ್ನೊಂದು ದಿನ ಕೆಳಗಿನ ನಾಲ್ಕೂ ಹೋಗುತ್ತವೆ. ಒಸಡು ಮಾಗುವ ವಾರಗಳಲ್ಲಿ ನುಚ್ಚು, ಮಜ್ಜಿಗೆ, ಸಾರಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿಯೇ ಊಟ. ಆ ನಡುವೆಯೇ ಕೋರೆಹಲ್ಲಿನ ಬೇರುಗಳನ್ನು ಒಳಗಿನಿಂದ ತೊಳೆದು ತುಂಬುತ್ತಾರೆ. ಮೇಲ್ಭಾಗ ಕತ್ತರಿಸಿದ ದಿನ ಕನ್ನಡಿಯಲ್ಲಿ ಒಸಡಿನ ಮೇಲೆ ಎರಡು ಗುಂಡು ಮಾತ್ರ ಕಾಣುತ್ತವೆ. ತಂಬಾಕಿನ ಪುಡಿಯ ಡಬ್ಬಿ ಆ ಸಂಜೆಯೇ ಮನೆಯಿಂದ ಹೊರಗೆ ಹೋಗುತ್ತದೆ.

ಅಳತೆಯ ದಿನದ ಹೆದರಿಕೆಯನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕಡಲಪಾಚಿಯಿಂದ ತೆಗೆದ ಗುಲಾಬಿ ಪುಡಿಯನ್ನು ನೀರಿಗೆ ಹಾಕಿ ರಬ್ಬರಿನ ಬಟ್ಟಲಲ್ಲಿ ಚಟಚಟ ಕಲಸುತ್ತಾರೆ. ತಟ್ಟೆಯ ತುಂಬ ಮೆತ್ತಿ, ತುಟಿಯ ಮೂಲೆಯಿಂದ ತೂರಿಸಿ ಮೇಲಕ್ಕೆ ಒತ್ತುತ್ತಾರೆ. ತಂಪು. ಬಾಯಿ ತುಂಬ ತಂಪು. ಅದು ಹಿಂದಕ್ಕೆ ಜಾರುತ್ತದೆ. ಕಿರುನಾಲಿಗೆಯ ಹತ್ತಿರ. ಇನ್ನೂ ಹಿಂದಕ್ಕೆ. ಹೊಟ್ಟೆ ಎದ್ದು ಬರುತ್ತದೆ. ಉಸಿರಿಲ್ಲ. ತಟ್ಟೆ ಕಿತ್ತೆಸೆಯಲು ಕೈ ಏಳುತ್ತದೆ.

"ಮೂಗಿಲೆ ಉಸಿರು ತಗೋರಿ! ಬಲಗಾಲು ಎತ್ರಿ. ಎತ್ರಿ ಯವ್ವಾ. ಕಾಲು ನೋಡ್ರಿ. ಹಂಗೇ ಹಿಡೀರಿ."

ಕಾಲು ಎತ್ತುತ್ತೀರಿ. ನಡುಗುತ್ತದೆ. ಮನಸ್ಸೆಲ್ಲ ಕಾಲಿಗೆ ಹೋಗುತ್ತದೆ, ತೊಡೆ ಉರಿಯುತ್ತದೆ, ಮೂಗಿನಲ್ಲಿ ಗಾಳಿ ಬರುತ್ತದೆ, ಬಂತು, ಮತ್ತೂ ಬಂತು. ಜೊಲ್ಲು ಗದ್ದದಿಂದ ಇಳಿದು ಎದೆಯ ಮೇಲಿನ ಬಟ್ಟೆಗೆ ಬೀಳುತ್ತದೆ. ಬಾಯೊಳಗಿನದು ಗಟ್ಟಿಯಾಗುತ್ತಿದೆ. ಪುಚಕ್ ಎಂದು ತಟ್ಟೆ ಕಳಚುತ್ತದೆ. ನಿಮ್ಮ ಅಂಗುಳಿನ ಒಂದೊಂದು ಗೆರೆಯೂ ಅದರಲ್ಲಿ ಅಚ್ಚಾಗಿದೆ.

ಮುಂದಿನ ಸಲ ಅಳತೆ ಇನ್ನೂ ಸೂಕ್ಷ್ಮ. ಹಸಿರು ಕಡ್ಡಿಯನ್ನು ದೀಪದಲ್ಲಿ ಮೆದು ಮಾಡಿ ತಟ್ಟೆಯ ಅಂಚಿಗೆ ಹಚ್ಚಿ ಬಾಯಲ್ಲಿಡುತ್ತಾರೆ. "ತುಟಿ ಮುಂದ ಮಾಡ್ರಿ. ನಗ್ರಿ. ನಾಲಿಗಿ ಹೊರಗ ತಗೀರಿ." ಕೆನ್ನೆ, ತುಟಿ, ನಾಲಿಗೆ ಎಲ್ಲೆಲ್ಲಿ ಓಡಾಡುತ್ತವೋ ಅಲ್ಲಿಗೆ ಅಂಚು ತಾನಾಗಿ ತಗ್ಗುತ್ತದೆ. ಅಕ್ಕನ ಸೆಟ್ಟಿಗೆ ಈ ಕೆಲಸ ಆಗಿರಲಿಕ್ಕಿಲ್ಲ ಎಂದು ಹೊಳೆಯುವುದು ಇಲ್ಲೇ. ಒದ್ದೆಯಾದ ಎರಡು ಗಾಜಿನ ಹಲಗೆ ಒಂದಕ್ಕೊಂದು ಅಂಟಿದಂತೆ, ಮೇಲಿನ ಸೆಟ್ಟು ಅಂಗುಳಿಗೆ ಅಂಟುವುದು ತೆಳ್ಳನೆಯ ಎಂಜಲಿನ ಪದರದಿಂದ. ಅಂಚು ಸರಿಯಾಗಿ ಮುಚ್ಚದಿದ್ದರೆ ಗಾಳಿ ನುಗ್ಗಿ ಬಿದ್ದುಬಿಡುತ್ತದೆ. ಕೆಳಗಡೆ ಅಂಗುಳಿಲ್ಲ, ಹಿಡಿತಕ್ಕೆ ಸಿಗುವ ಜಾಗ ಮೇಲಿನದರ ಹೆಚ್ಚುಕಡಿಮೆ ಅರ್ಧ, ಸಾಲದ್ದಕ್ಕೆ ನಡುವೆ ನಾಲಿಗೆ ಆಡುತ್ತಲೇ ಇರುತ್ತದೆ. ಜನ ಬೈದು ಡಬ್ಬಿಗೆ ಹಾಕುವುದು ಹೆಚ್ಚಾಗಿ ಕೆಳಗಿನ ಸೆಟ್ಟನ್ನೇ.

ಆಮೇಲೆ ಮೇಣದ ದಿಂಡುಗಳನ್ನು ಬಾಯಲ್ಲಿಟ್ಟು ಎತ್ತರ ನೋಡುತ್ತಾರೆ. ಮೂಗಿನ ತುದಿಗೊಂದು ಚುಕ್ಕೆ, ಗದ್ದಕ್ಕೊಂದು ಚುಕ್ಕೆ. "ನುಂಗ್ರಿ. ಈಗ ಸಡಿಲ ಬಿಡ್ರಿ." ಸುಮ್ಮನಿದ್ದಾಗ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಎರಡು, ಮೂರು ಮಿಲಿಮೀಟರು ಬಿಡುವು ಇರಬೇಕು. ಎತ್ತರ ಹೆಚ್ಚಾದರೆ ಮಾತಿಗೊಮ್ಮೆ ಹಲ್ಲು ಟಕಟಕ ಬಡಿದು ದವಡೆ ಸೋಲುತ್ತದೆ, ಕಡಿಮೆಯಾದರೆ ಮುಖ ಕುಸಿದಂತೆ ಕಾಣುತ್ತದೆ.

ಬಣ್ಣ ಆರಿಸುವ ಹೊತ್ತಿಗೆ ನಿಮ್ಮನ್ನು ಕಿಟಕಿಯ ಬೆಳಕಿಗೆ ಕರೆಯುತ್ತಾರೆ. ಒಂದು ಪಟ್ಟಿಯ ತುಂಬ ಹಲ್ಲಿನ ಮಾದರಿಗಳು, ಹಾಲುಬಿಳಿಯಿಂದ ಹಳದಿ, ಕಂದಿನವರೆಗೆ. ವಿದ್ಯಾರ್ಥಿನಿ ಒಂದೊಂದನ್ನೇ ನಿಮ್ಮ ತುಟಿಯ ಹತ್ತಿರ ಹಿಡಿಯುತ್ತಾಳೆ. ಡಾಕ್ಟರರು ಹಳದಿ ಕಡೆಗೆ ವಾಲಿದ ಒಂದನ್ನು ತೋರಿಸಿ, ನಿಮ್ಮ ವಯಸ್ಸಿಗೆ, ಮೈಬಣ್ಣಕ್ಕೆ ಇದು ಒಪ್ಪುತ್ತದೆ ಎನ್ನುತ್ತಾರೆ. ಅವರ ಮಾತು ಸರಿಯೇ. ಆದರೆ ಮದುವೆಯ ಫೋಟೋದಲ್ಲೂ ತುಟಿ ಬಿಗಿದು ನಿಂತ ಹುಡುಗಿ ನಿಮ್ಮೊಳಗಿಂದ ಎದ್ದು ಬರುತ್ತಾಳೆ. ಬೆರಳು ಆ ಮಾದರಿಯನ್ನು ದಾಟಿ ಹೋಗಿ ಅದಕ್ಕಿಂತ ಬಿಳುಪಾದದ್ದರ ಮೇಲೆ ನಿಲ್ಲುತ್ತದೆ.

"ಇದು ಆದೀತೇನ್ರಿ?"

"ನಿಮ್ಮ ಹಲ್ಲು ಯವ್ವಾ. ನೀವು ಅಂದಂಗ."

ಮೇಣದಲ್ಲಿ ಜೋಡಿಸಿದ ಹಲ್ಲನ್ನು ಇಟ್ಟು ಮಾತಾಡಿಸುತ್ತಾರೆ. "ಸಾಸಿವಿ ಅನ್ರಿ. ಕೂಡಲಸಂಗಮ ಅನ್ರಿ." ಸಕಾರ ಶಿಳ್ಳೆಯಾಗುತ್ತದೆ. ಒಂದು ಹಲ್ಲನ್ನು ಕೂದಲೆಳೆಯಷ್ಟು ಸರಿಸುತ್ತಾರೆ. "ಕೂಡಲಸಂಗಮ." ಈಗ ಸರಿ. ಒಪ್ಪಿಗೆ ಕೊಡುವ ಮುನ್ನ ಕನ್ನಡಿಯಲ್ಲಿ ಚೆನ್ನಾಗಿ ನೋಡಿಕೊಳ್ಳಿರೆಂದು ಹೇಳುತ್ತಾರೆ, ಯಾಕೆಂದರೆ ಮೇಣದಲ್ಲಿರುವವರೆಗೆ ಬದಲಿಸುವುದು ಸುಲಭ. ಅಲ್ಲಿಂದ ಅದು ಲ್ಯಾಬಿಗೆ ಹೋಗುತ್ತದೆ. ಗಾರೆಯ ಅಚ್ಚಿನಲ್ಲಿ ಹೂತು, ಬಿಸಿನೀರಲ್ಲಿ ಮೇಣ ಕರಗಿಸಿ ಹರಿಸಿ, ಆ ಜಾಗಕ್ಕೆ ಗುಲಾಬಿ ಅಕ್ರಿಲಿಕ್ಕಿನ ಹಿಟ್ಟು ತುಂಬಿ ಗಂಟೆಗಟ್ಟಲೆ ಕಾಯಿಸುತ್ತಾರೆ. 1930ರ ದಶಕದಲ್ಲಿ ಈ ಅಕ್ರಿಲಿಕ್ ಬರುವವರೆಗೆ ಲೋಕದ ಹೆಚ್ಚಿನ ಸೆಟ್ಟುಗಳು ಗಂಧಕದಲ್ಲಿ ಬೇಯಿಸಿದ ಮಂಕು ಬಣ್ಣದ ರಬ್ಬರಿನವು.

ಸೆಟ್ಟು ಕೂರಿಸುವ ದಿನ ಮೊದಲು ಮೇಲಿನದು. ಒತ್ತುತ್ತಾರೆ, ಹಿಡಿದುಕೊಳ್ಳುತ್ತದೆ. ಆಮೇಲೆ ಕೆಳಗಿನದು. ಬಾಯಿ ತುಂಬಿ ಹೋಗುತ್ತದೆ. ನಾಲಿಗೆಗೆ ಜಾಗವಿಲ್ಲ, ಎಂಜಲು ಉಕ್ಕುತ್ತದೆ, ನುಂಗಲು ಮರೆತೇ ಹೋದಂತೆ. ಕನ್ನಡಿ ಕೊಡುತ್ತಾರೆ. ಕೆನ್ನೆ ತುಂಬಿವೆ, ತುಟಿ ಮುಂದೆ ಬಂದಿವೆ. ನಗ್ರಿ ಎನ್ನುತ್ತಾಳೆ ವಿದ್ಯಾರ್ಥಿನಿ. ಕೈ ಸೆರಗಿಗೆ ಹೋಗುತ್ತದೆ, ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಮನೆಗೆ ಬಂದ ಮೇಲೆ ಶುರುವಾಗುತ್ತದೆ ನಿಜವಾದ ಪರೀಕ್ಷೆ. ಮೊದಲ ದಿನ ಗಂಜಿಯೇ ಜಾರಿ ಕೆನ್ನೆಗೆ ಸೇರುತ್ತದೆ. ಮೊಮ್ಮಗಳಿಗೆ ನಿಮ್ಮ ಮಾತು ತಿಳಿಯುವುದಿಲ್ಲ. ಎರಡನೆಯ ದಿನ ಕೆಳಗೆ ಬಲಗಡೆ ಉರಿ. ಮೂರನೆಯ ದಿನ ಅದು ಹುಣ್ಣು. ಒಂದು ತುತ್ತು, ಸೂಜಿ ಚುಚ್ಚಿದಂತೆ. ಇನ್ನೊಂದು ತುತ್ತು, ಕಣ್ಣಲ್ಲಿ ನೀರು. ಬೇಡವೇ ಬೇಡ. ಕಿತ್ತು ನೀರಿನ ಬಟ್ಟಲಿಗೆ ಹಾಕುತ್ತೀರಿ. ಬಾಯಿ ಹಗುರಾಗುತ್ತದೆ, ಹಾಯೆನಿಸುತ್ತದೆ, ಎಷ್ಟು ಹಾಯೆನಿಸುತ್ತದೆಂದರೆ ಮತ್ತೆ ಹಾಕಲು ಕೈ ಬರುವುದಿಲ್ಲ. ಕಟ್ಟಿಸಿದ ಎಷ್ಟೋ ಸೆಟ್ಟುಗಳು ಸೋಲುವುದು ಈ ಮೂರನೆಯ, ನಾಲ್ಕನೆಯ ದಿನದ ಅಡುಗೆಮನೆಯಲ್ಲೇ. ಅಕ್ಕನದು ಡಬ್ಬಿ ಸೇರಿದ್ದೂ ಹೀಗೆಯೇ ಇರಬೇಕು. ನಿಮಗೆ ಮಾತ್ರ ಡಾಕ್ಟರರು ಮೊದಲೇ ಎಚ್ಚರ ಕೊಟ್ಟಿದ್ದಾರೆ. ಹುಣ್ಣಾಗುತ್ತದೆ, ಆದರೆ ಬ್ಲೇಡಿನಿಂದ ಕೆರೆಯಬೇಡಿ, ಬಿಟ್ಟು ಕೂರಬೇಡಿ, ಬರುವ ದಿನ ಬೆಳಗ್ಗೆಯಿಂದ ಹಾಕಿಕೊಂಡೇ ಬನ್ನಿ, ಎಲ್ಲಿ ಒತ್ತುತ್ತದೆಂದು ಒಸಡೇ ತೋರಿಸಬೇಕು.

ಹಲ್ಲು ಬಿಗಿದು ಬಸ್ಸು ಹತ್ತುತ್ತೀರಿ. ಹುನಗುಂದದವರೆಗೆ ಒಂದೊಂದು ಗುಂಡಿಯೂ ಆ ಹುಣ್ಣಿಗೇ ಬಡಿಯುತ್ತದೆ. ಆಸ್ಪತ್ರೆಯಲ್ಲಿ ಸೆಟ್ಟಿನ ಒಳಮೈಗೆ ಬಿಳಿ ಮುಲಾಮು ಸವರಿ ಹಾಕಿ ತೆಗೆಯುತ್ತಾರೆ. ಒಂದೆಡೆ ಮುಲಾಮು ಅಳಿಸಿ ಗುಲಾಬಿ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯನ್ನಷ್ಟೇ ಮಷಿನ್ನಿನಿಂದ ಸವರುತ್ತಾರೆ. ಮತ್ತೆ ಹಾಕುತ್ತಾರೆ. ನೋವು ಅರ್ಧಕ್ಕರ್ಧ ಇಳಿದಿದೆ.

ಕಲಿಯುವುದು ಇನ್ನೂ ಇದೆ. ಎರಡೂ ಕಡೆ ಸಮನಾಗಿ ಅಗಿಯಬೇಕು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದು, ಚಿಕ್ಕ ತುತ್ತು ತೆಗೆದುಕೊಳ್ಳಬೇಕು. ಸೆಟ್ಟಿನ ಕಸುವು ಸ್ವಂತ ಹಲ್ಲಿನ ಕಾಲು ಭಾಗ ಮುಟ್ಟಿದರೆ ಹೆಚ್ಚು ಎಂಬುದನ್ನು ಒಪ್ಪಿಕೊಳ್ಳಬೇಕು. ರಾತ್ರಿ ತೆಗೆದು, ಬ್ರಷ್ಷಿನಿಂದ ತೊಳೆದು, ತಣ್ಣೀರಲ್ಲಿ ಮುಳುಗಿಸಿಡಬೇಕು. ಕುದಿನೀರು ತಾಗಿದರೆ ಸೊಟ್ಟಗಾಗುತ್ತದೆ. ಉಳಿಸಿಕೊಂಡ ಎರಡು ಗುಂಡುಗಳನ್ನು ಫ್ಲೋರೈಡ್ ಪೇಸ್ಟಿನಿಂದ ದಿನವೂ ಉಜ್ಜಬೇಕು, ಮರೆತರೆ ಅವಕ್ಕೂ ಹುಳುಕು ಹಿಡಿಯುತ್ತದೆ. ಕೂಸಿನ ಹಲ್ಲಿಗೆ ಕಲೆ ಹಚ್ಚಿದ ಫ್ಲೋರೈಡ್, ಅಳತೆಯಲ್ಲಿ ಹಚ್ಚಿದರೆ ಈ ವಯಸ್ಸಿನ ಬೇರನ್ನು ಕಾಯುತ್ತದೆ.

ಪುಷ್ಯ ಮಾಸ. ಬಾದಾಮಿಯ ಬನಶಂಕರಿಯ ಜಾತ್ರೆ. ಹೊಂಡದ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಹೆಣ್ಣುಮಕ್ಕಳು ಕೂತಿದ್ದಾರೆ, ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಕುಡಿಕೆಯ ತುಂಬ ಗಟ್ಟಿ ಮೊಸರು. ಅಕ್ಕನೂ ನೀವೂ ಕಟ್ಟೆಯ ಮೇಲೆ ಕೂರುತ್ತೀರಿ. ಅಕ್ಕ ರೊಟ್ಟಿಯನ್ನು ಮೊಸರಲ್ಲಿ ಹಿಚುಕಿ ನುಂಗುತ್ತಾಳೆ. ನೀವು ಕಡಕ್ ರೊಟ್ಟಿಯ ಚೂರನ್ನು ಮುರಿದು ಎರಡೂ ಕಡೆ ಇಟ್ಟುಕೊಂಡು ನಿಧಾನವಾಗಿ ಒತ್ತುತ್ತೀರಿ. ಭಾರ ಗುಲಾಬಿ ತಟ್ಟೆಯ ಮೇಲೆ ಬೀಳುತ್ತದೆ, ಅಲ್ಲಿಂದ ಕೋರೆಹಲ್ಲಿನ ಬೇರಿಗೆ ಇಳಿಯುತ್ತದೆ. ಬೇರಿನ ಸುತ್ತಲಿನ ನಾರುಗಳು ಇನ್ನೂ ಜೀವಂತ, ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಅವೇ. ರೊಟ್ಟಿ ಗಟ್ಟಿಯಿದೆ ಎಂದು ಗೊತ್ತಾಗುತ್ತದೆ. ಒತ್ತಿದಾಗ ಅದು ಕಟಕ್ ಎಂದು ಮುರಿದದ್ದೂ ಗೊತ್ತಾಗುತ್ತದೆ. ಜೋಳದ ಸಿಹಿ ನಾಲಿಗೆಗೆ ಬರುತ್ತದೆ.

ಅಕ್ಕ ಅಗಿಯುವುದನ್ನು ನಿಲ್ಲಿಸಿ ನಿಮ್ಮ ಬಾಯಿಯನ್ನೇ ನೋಡುತ್ತಾಳೆ.

"ನಂದೂ ಸೆಟ್ಟೇ ಅಲ್ಲೇನ? ನನಗ್ಯಾಕ ಆಗಲಿಲ್ಲ?"

"ನಿಂದು ಅಳತಿ ತಪ್ಪೇತಿ ಅಕ್ಕಾ. ಅದರಾಗ ನಿಂದೇನೂ ತಪ್ಪಿಲ್ಲ. ಒಳಗ ಹೊಸಾ ಪದರ ಹಾಕಿ ಸರಿ ಮಾಡ್ತಾರ, ಆಗದಿದ್ರ ಹೊಸಾದ ಕಟ್ತಾರ."

"ಈ ವಯಸ್ಸಿಗೆ ಇನ್ನ್ಯಾಕ ಬಿಡ ತಂಗಿ."

ಈ ಮಾತು ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಯಿಂದ ಬಂದಿದೆಯೋ. ಉಣ್ಣುವ ಆಸೆಗೆ ವಯಸ್ಸಿನ ಮಿತಿ ಹಾಕಿದವರು ಯಾರು? ಅಗಿಯಲಾರದ ಬಾಯಿ ಮೊದಲು ರೊಟ್ಟಿ ಬಿಡುತ್ತದೆ, ಆಮೇಲೆ ಕಾಳು, ಹಸಿ ತರಕಾರಿ ಬಿಡುತ್ತದೆ, ಕೊನೆಗೆ ನಾಲ್ಕು ಮಂದಿಯ ಜೊತೆ ಕೂತು ಉಣ್ಣುವುದನ್ನೇ ಬಿಡುತ್ತದೆ. ಅದನ್ನು ತಿರುಗಿಸುವ ವಿದ್ಯೆ ಒಂದು ಬಸ್ಸಿನ ದೂರದಲ್ಲಿದೆ. ನೀವು ಉಳಿದ ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡು, ಜಾತ್ರೆಯ ಗದ್ದಲದ ಮೇಲೆ ದನಿ ಎತ್ತುತ್ತೀರಿ:

"ಸೋಮವಾರ ಮುಂಜಾನಿ ಬಾಗಲಕೋಟಿ ಬಸ್ಸಿಗೆ ಹೋಗೂಣು. ರೇಷನ್ ಕಾರ್ಡ್ ತಗೋ, ಆಧಾರ್ ತಗೋ, ಆ ಡಬ್ಬಿ ತಗೋ. ಮತ್ತ ಕೇಳ್, ನಿನ್ನ ಬಾಯಾಗ ಒಂದು ಬೇರು ಉಳಿದಿದ್ರೂ ಸೈತ, ಅದನ್ನ ಕೀಳಾಕ ಯಾರಿಗೂ ಒಪ್ಪಬ್ಯಾಡ. ಮೊದಲ ಉಳಸಾಕ ಆಕೈತೇನು ಅಂತ ಕೇಳ್."